ಜ್ವರ ಬಂದದ್ದು ಯಾವ ತಿಂಗಳು?

ಕಿವಿ ಡಾಕ್ಟ್ರು ಮಗುವಿನ ಕಿವಿ ನೋಡುವ ಮೊದಲು ನನ್ನ ತಂಗಿಯ ಕಡೆ ತಿರುಗಿದರು. "ಇವನು ಹೊಟ್ಟೆಯಲ್ಲಿದ್ದಾಗ ನಿಮಗೆ ಜ್ವರ ಬಂದಿತ್ತೇನಮ್ಮ? ಮೈಮೇಲೆ ದದ್ದು, ಗುಳ್ಳೆ? ಯಾವ ತಿಂಗಳು?"

ಅದು 2021ರ ಅಕ್ಟೋಬರ್, ಕಲಬುರಗಿ. ತಂಗಿಯ ಮಗನಿಗೆ ಆಗ 19 ತಿಂಗಳು. ಕುಕ್ಕರ್ ಸೀಟಿ ಹೊಡೆದರೂ ತಿರುಗಿ ನೋಡುತ್ತಿರಲಿಲ್ಲ. "ಗಂಡು ಹುಡುಗ್ರು ಮಾತು ತಡ ಕಲೀತಾವ" ಅಂತ ಎಲ್ಲರೂ ಸಮಾಧಾನ ಹೇಳಿ ಹೇಳಿ ಅಷ್ಟು ದಿನ ಕಳೆದಿತ್ತು. ಡಾಕ್ಟ್ರ ಮುಂದೆ ಮನೆಯವರು ಐದು ಜನ ನಿಂತಿದ್ದೆವು. ಒಬ್ಬರಿಗೂ ನೆಟ್ಟಗೆ ಉತ್ತರ ಹೇಳಲು ಆಗಲಿಲ್ಲ. "ಒಂದ್ಸಲ ಬಂದಿತ್ರಿ, ಎರಡು ದಿನ ಅಷ್ಟೇ" ಅಂದರು ಅವಳ ಅತ್ತೆ. ನಮ್ಮವ್ವ ನೆನಪು ಮಾಡಿಕೊಂಡಳು: "ಪಂಚಮಿ ಹಬ್ಬಕ್ಕ ತವರಿಗೆ ಬಂದಾಗ್ರಿ. ಮೈಯೆಲ್ಲ ಕೆಂಪಗಾಗಿತ್ತು. ಉಷ್ಣ ಆಗ್ಯದ ಅಂತ ಸುಮ್ನಾದ್ವಿ."

ತಾಯಿ ಕಾರ್ಡ್ ತೆಗೆದು ನೋಡಿದೆವು. ತೂಕ ಇತ್ತು, ಬಿಪಿ ಇತ್ತು, ರಕ್ತದ ಲೆಕ್ಕ, ಕಬ್ಬಿಣದ ಗುಳಿಗೆ, ಇಂಜೆಕ್ಷನ್ ಎಲ್ಲ ಇತ್ತು. ಆ ಎರಡು ದಿನದ ಜ್ವರ ಮಾತ್ರ ಎಲ್ಲೂ ಇರಲಿಲ್ಲ. ಹಬ್ಬದ ಗದ್ದಲದಲ್ಲಿ ಒಂದು ಕ್ಲಿನಿಕ್ಕಿಗೆ ಹೋಗಿ ಸೂಜಿ ಮಾಡಿಸಿಕೊಂಡು ಬಂದಿದ್ದಳು. ಅವರು ಚೀಟಿ ಕೊಟ್ಟಿರಲಿಲ್ಲ, ನಾವೂ ಕೇಳಿರಲಿಲ್ಲ.

ಮನೆಗೆ ಬಂದ ಮೇಲೆ ಬೇರೆ ಲೆಕ್ಕ ಶುರುವಾಯಿತು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ತಂಗಿ ಅಂಗಳಕ್ಕೆ ಬಂದಿದ್ದಳಂತೆ. ಅದಕ್ಕೇ ಹೀಗಾಯಿತು ಅಂದರು. ಅವಳು ಏನೂ ಮಾತಾಡದೆ ಮಗನನ್ನು ಎತ್ತಿಕೊಂಡು ಒಳಗೆ ಹೋದಳು. ಆ ಹೊತ್ತಿಗೆ ನನಗೂ ಹೇಳಲು ಗೊತ್ತಿರಲಿಲ್ಲ. ಈಗ ಗೊತ್ತು. ಗ್ರಹಣದ ದಿನ ಅವಳಿಗೆ ಏಳನೇ ತಿಂಗಳು. ಕಿವಿಯ ಒಳಗಿನ ರಚನೆ ಅದಕ್ಕೂ ಎಷ್ಟೋ ಮೊದಲೇ ತಯಾರಾಗಿರುತ್ತದೆ. ಪಂಚಮಿ ಬಂದದ್ದು ಆಗಸ್ಟ್ 5ಕ್ಕೆ, ಆಗ ಅವಳಿಗೆ ಸುಮಾರು ಒಂಬತ್ತು ವಾರ. ಕಣ್ಣು, ಕಿವಿ, ಹೃದಯ ರೂಪ ಪಡೆಯುವ ಕಾಲ ಅದು. ನೋಡಬೇಕಾದ ತಾರೀಕು ಅದೇ ಆಗಿತ್ತು.

ಬಸುರಿಗೆ ವೈರಸ್ ಸೋಂಕು ಬಂದರೆ ಮಗುವಿಗೆ ಏನಾಗುತ್ತದೆ ಅಂತ ಕೇಳಿದರೆ ಒಂದೇ ಉತ್ತರ ಇಲ್ಲದಿರುವುದು ಇದಕ್ಕೇ. ಯಾವ ವೈರಸ್, ಯಾವ ತಿಂಗಳು, ಈ ಎರಡು ಗೊತ್ತಾದರೆ ಅರ್ಧ ಉತ್ತರ ಸಿಕ್ಕಂತೆ. ಅದೇ ವೈರಸ್ಸು ಎರಡನೇ ತಿಂಗಳಲ್ಲಿ ಬಂದರೆ ಒಂದು ಕಥೆ, ಏಳನೇ ತಿಂಗಳಲ್ಲಿ ಇನ್ನೊಂದು, ಹೆರಿಗೆಯ ವಾರದಲ್ಲಿ ಬಂದರೆ ಮತ್ತೊಂದೇ.

ಮೊದಲು ಸಮಾಧಾನದ ಮಾತು ಹೇಳಿಬಿಡುತ್ತೇನೆ. ಬಸುರಿದ್ದಾಗ ಬರುವ ನೆಗಡಿ, ಕೆಮ್ಮು, ಸಣ್ಣ ಜ್ವರಗಳಲ್ಲಿ ಹೆಚ್ಚಿನವು ಕೂಸಿಗೆ ಏನೂ ಮಾಡುವುದಿಲ್ಲ. ತಡೆಯುವುದು ಮಾಸು, ಹೆರಿಗೆಯಾದ ಮೇಲೆ ಬಿದ್ದು ಹೋಗುವ ಆ ಮಾಂಸದ ಚಕ್ರ. ತಾಯಿಯ ರಕ್ತ ಮತ್ತು ಮಗುವಿನ ರಕ್ತ ನೇರವಾಗಿ ಬೆರೆಯುವುದಿಲ್ಲ. ನಡುವೆ ಮಾಸಿನ ತೆಳುವಾದ ಪದರ ಇರುತ್ತದೆ. ಅದರ ಮೂಲಕ ಆಹಾರ, ಆಮ್ಲಜನಕ ಒಳಗೆ ಹೋಗುತ್ತವೆ, ಬೇಡದ್ದು ಹೊರಗೆ ಬರುತ್ತದೆ. ಬಹಳಷ್ಟು ರೋಗಾಣುಗಳು ಅಲ್ಲೇ ನಿಂತುಬಿಡುತ್ತವೆ. ರೋಗದ ವಿರುದ್ಧ ತಾಯಿಯ ಮೈಯಲ್ಲಿ ತಯಾರಾದ ಆ್ಯಂಟಿಬಾಡಿಗಳನ್ನು ಮಾತ್ರ ಮಾಸು ತಾನೇ ಹುಡುಕಿ ಒಳಗೆ ಕಳಿಸುತ್ತದೆ. ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ ಜಾಸ್ತಿ. ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಸೋಂಕು ಬೇಗ ತಗಲುವುದಕ್ಕೆ ಇದೂ ಒಂದು ಕಾರಣ. ತಾಯಿ ಕಟ್ಟಿಕೊಡುವ ಬುತ್ತಿ ಅದಕ್ಕೆ ಪೂರ್ತಿ ಸಿಕ್ಕಿರುವುದಿಲ್ಲ.

ಆದರೆ ಕೆಲವು ವೈರಸ್‌ಗಳು ಮಾಸು ದಾಟಿ ಹೋಗುತ್ತವೆ. ಕೆಲವು ಅಲ್ಲಿ ದಾಟದೆ, ಹೆರಿಗೆಯ ಹೊತ್ತಿನಲ್ಲಿ ರಕ್ತ, ನೀರಿನ ಜೊತೆ ತಗಲುತ್ತವೆ. ಕೆಲವು ಹುಟ್ಟಿದ ಮೇಲೆ ಉಸಿರಿನಿಂದಲೋ ಹಾಲಿನಿಂದಲೋ ಬರುತ್ತವೆ. ಇನ್ನೂ ಒಂದು ದಾರಿ ಇದೆ, ಅದನ್ನು ನಾವು ಮರೆಯುತ್ತೇವೆ. ವೈರಸ್ ಮಗುವಿನ ತನಕ ಹೋಗದೇ ಇರಬಹುದು. ತಾಯಿಗೆ ಜೋರು ಜ್ವರ ಬಂದು, ಉಸಿರು ಕಮ್ಮಿಯಾಗಿ, ಮಾಸಿಗೇ ಬಾವು ಬಂದರೆ ಹೆರಿಗೆ ದಿನಕ್ಕೆ ಮೊದಲೇ ಆಗಿಬಿಡುತ್ತದೆ. ಮಗು ಕಡಿಮೆ ತೂಕದ್ದಾಗುತ್ತದೆ. ಕೊರೊನಾ ಕಾಲದಲ್ಲಿ ಕಂಡದ್ದು ಹೆಚ್ಚಾಗಿ ಇದನ್ನೇ. ತಾಯಿಯಿಂದ ಹೊಟ್ಟೆಯೊಳಗಿನ ಮಗುವಿಗೆ ಕೊರೊನಾ ದಾಟಿದ್ದು ಬಹಳ ಕಮ್ಮಿ. ತಾಯಂದಿರು ಜೋರಾಗಿ ಕಾಯಿಲೆ ಬಿದ್ದು, ಅವಧಿಗೆ ಮುಂಚೆ ಹೆರಿಗೆ ಆದದ್ದು ಜಾಸ್ತಿ.

ನನ್ನ ತಂಗಿಯ ಡಾಕ್ಟ್ರು ಆ ಪ್ರಶ್ನೆ ಕೇಳಿದರಲ್ಲ, ಅದನ್ನು ಮೊದಲು ಕೇಳಿದವರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ಕಣ್ಣಿನ ಡಾಕ್ಟ್ರು ನಾರ್ಮನ್ ಗ್ರೆಗ್ ಮುಖ್ಯರು. 1941ರಲ್ಲಿ ಅವರ ಬಳಿ ಕಣ್ಣಿನಲ್ಲಿ ಪೊರೆ ಇರುವ ಹಸುಗೂಸುಗಳು ಒಂದರ ಹಿಂದೆ ಒಂದು ಬರತೊಡಗಿದವು. ಪೊರೆ ಮುದುಕರಿಗೆ ಬರುವುದು, ಕೂಸುಗಳಿಗೆ ಯಾಕೆ? ಅವರು ತಾಯಂದಿರನ್ನು ವಿಚಾರಿಸಿದರು. 78 ಮಕ್ಕಳ ಲೆಕ್ಕ ಸಿಕ್ಕಿತು. ಅದರಲ್ಲಿ 68 ತಾಯಂದಿರಿಗೆ ಬಸಿರಿನಲ್ಲಿ, ಹೆಚ್ಚಾಗಿ ಮೊದಲ ತಿಂಗಳುಗಳಲ್ಲಿ, ರುಬೆಲ್ಲಾ ಬಂದಿತ್ತು. ಅದಕ್ಕೆ ಒಂದು ವರ್ಷ ಮೊದಲು ಅಲ್ಲಿ ರುಬೆಲ್ಲಾ ದೊಡ್ಡದಾಗಿ ಹಬ್ಬಿತ್ತು. ಸಣ್ಣ ಕಾಯಿಲೆ ಅಂತ ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ರುಬೆಲ್ಲಾದ ಕಷ್ಟವೇ ಅದು. ದೊಡ್ಡವರಿಗೆ ಎರಡು ಮೂರು ದಿನ ಸಣ್ಣ ಜ್ವರ, ಮುಖದಿಂದ ಶುರುವಾಗಿ ಮೈಗೆ ಇಳಿಯುವ ಕೆಂಪು ದದ್ದು, ಕಿವಿಯ ಹಿಂದೆ ಗಂಟು. ಕೆಲವರಿಗೆ ಅಷ್ಟೂ ಇರುವುದಿಲ್ಲ. ಅದೇ ಮೊದಲ 12 ವಾರದೊಳಗೆ ಬಸುರಿಗೆ ಬಂದರೆ, 10 ಮಕ್ಕಳಲ್ಲಿ 9ರ ತನಕ ಮಗುವಿಗೆ ಹಾನಿಯಾಗಬಹುದು. ಕೆಲವೊಮ್ಮೆ ಬಸಿರು ನಿಲ್ಲುವುದಿಲ್ಲ. ನಿಂತರೆ ಕಿವುಡುತನ, ಕಣ್ಣಿನ ಪೊರೆ, ಹೃದಯದ ದೋಷ, ಸಣ್ಣ ತಲೆ. 16 ವಾರ ದಾಟಿದ ಮೇಲೆ ಅಪಾಯ ಬಹಳ ಇಳಿಯುತ್ತದೆ. 20 ವಾರದ ನಂತರ ದೋಷ ಕಾಣುವುದು ಅಪರೂಪ. ಇಷ್ಟು ಸ್ಪಷ್ಟವಾಗಿ ತಿಂಗಳ ಲೆಕ್ಕ ಹೇಳುವ ಇನ್ನೊಂದು ಸೋಂಕು ಇಲ್ಲ ಅಂತಲೇ ಹೇಳಬಹುದು.

ಮತ್ತು ಇದನ್ನು ತಡೆಯಲು ಲಸಿಕೆ ಇದೆ. 2017ರ ಫೆಬ್ರುವರಿಯಲ್ಲಿ ದೇಶದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ಶುರುವಾದಾಗ ಮೊದಲ ಸುತ್ತಿನಲ್ಲೇ ಕರ್ನಾಟಕ ಇತ್ತು. 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ ಶಾಲೆ, ಅಂಗನವಾಡಿಗಳಲ್ಲಿ ಹಾಕಿದರು. ಈಗ ಒಂಬತ್ತನೇ ತಿಂಗಳಿಗೆ ಒಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು ಡೋಸ್ ಇದೆ. ಆದರೆ ಸುಮಾರು 2002ಕ್ಕಿಂತ ಮೊದಲು ಹುಟ್ಟಿದ ಹೆಣ್ಣುಮಕ್ಕಳು ಆ ಅಭಿಯಾನದ ವಯಸ್ಸು ದಾಟಿದ್ದರು. ನನ್ನ ತಂಗಿಯೂ ಅವರಲ್ಲಿ ಒಬ್ಬಳು. ಅವರಲ್ಲಿ ಬಹಳ ಜನರಿಗೆ ಚಿಕ್ಕಂದಿನಲ್ಲೇ ರುಬೆಲ್ಲಾ ಬಂದು ಹೋಗಿ ರಕ್ಷಣೆ ಇರುತ್ತದೆ. ಇಲ್ಲದವರೂ ಇರುತ್ತಾರೆ. ಮದುವೆ ಗೊತ್ತಾದಾಗ ಸೀರೆ, ಬಂಗಾರಕ್ಕೆ ಓಡಾಡುವಾಗಲೇ ಡಾಕ್ಟ್ರ ಹತ್ತಿರ ಹೋಗಿ ಈ ಲಸಿಕೆ ಬೇಕಾ ಅಂತ ಕೇಳಬಹುದು, ಅಲ್ವಾ? ಒಂದು ಎಚ್ಚರಿಕೆ: ಇದು ಜೀವಂತ ವೈರಸ್ಸಿನ ಲಸಿಕೆ. ಬಸುರಿದ್ದಾಗ ಹಾಕುವುದಿಲ್ಲ. ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಬಸುರಾಗಬಾರದು.

ಇನ್ನು ಅಮ್ಮ. ಚಿಕನ್ ಪಾಕ್ಸ್ ಬಂದರೆ ನಮ್ಮ ಕಡೆ ಹಾಗೇ ಹೇಳುವುದು. ಬಾಗಿಲಿಗೆ ಬೇವಿನ ಸೊಪ್ಪು, ಮನೆಯಲ್ಲಿ ಒಗ್ಗರಣೆ ಇಲ್ಲ, ಡಾಕ್ಟ್ರ ಹತ್ತಿರ ಹೋಗುವಂತಿಲ್ಲ. ಬೇವಿನ ಸೊಪ್ಪು ಕಟ್ಟಿ, ಪೂಜೆ ಮಾಡಿ. ಆದರೆ ಮನೆಯಲ್ಲಿ ಬಸುರಿ ಇದ್ದು ಅವಳಿಗೆ ಗುಳ್ಳೆ ಎದ್ದರೆ ಅವತ್ತೇ ಡಾಕ್ಟ್ರಿಗೆ ತಿಳಿಸಿ. ಕಾರಣ ಕೇಳಿ. ಮೊದಲ 20 ವಾರದಲ್ಲಿ ಬಂದರೆ ನೂರರಲ್ಲಿ ಒಂದೆರಡು ಮಕ್ಕಳಿಗೆ ಮಾತ್ರ ಕೈಕಾಲು, ಕಣ್ಣಿನ ದೋಷ ಬರಬಹುದು. ನಡುವಿನ ತಿಂಗಳುಗಳಲ್ಲಿ ಮಗುವಿಗೆ ಹೆದರಿಕೆ ಕಮ್ಮಿ, ತಾಯಿಯ ಶ್ವಾಸಕೋಶಕ್ಕೆ ಹೆದರಿಕೆ ಜಾಸ್ತಿ. ನಿಜವಾದ ಗಂಡಾಂತರ ಹೆರಿಗೆಯ ಆಸುಪಾಸಿನ ಒಂದು ವಾರ. ಹೆರಿಗೆಗೆ 5 ದಿನ ಮೊದಲಿನಿಂದ 2 ದಿನ ನಂತರದವರೆಗೆ ತಾಯಿಗೆ ಗುಳ್ಳೆ ಎದ್ದರೆ ವೈರಸ್ ಮಗುವಿಗೆ ಹೋಗಿರುತ್ತದೆ. ಅದಕ್ಕೆ ಮದ್ದಾಗಬೇಕಾದ ಆ್ಯಂಟಿಬಾಡಿ ತಾಯಿಯ ಮೈಯಲ್ಲೇ ಇನ್ನೂ ತಯಾರಾಗಿರುವುದಿಲ್ಲ. ಶತ್ರು ಮುಂಚೆ ಬಂದ, ಕಾವಲುಗಾರ ಬರುವ ಮೊದಲೇ ಬಾಗಿಲು ಮುಚ್ಚಿತು. ಇಂಥ ಕೂಸುಗಳಿಗೆ ಸಿದ್ಧ ಆ್ಯಂಟಿಬಾಡಿಯ ಇಂಜೆಕ್ಷನ್ ಮತ್ತು ಅಸೈಕ್ಲೋವಿರ್ ಔಷಧಿ ಇವೆ. ಅವು ಇಲ್ಲದ ಕಾಲದಲ್ಲಿ 10 ಮಕ್ಕಳಲ್ಲಿ 3 ಉಳಿಯುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಕೊಡಬೇಕೆಂದರೆ ಗುಳ್ಳೆ ಎದ್ದದ್ದು ಯಾವತ್ತು ಅಂತ ಡಾಕ್ಟ್ರಿಗೆ ಗೊತ್ತಾಗಬೇಕು.

ಸಿಎಂವಿ ಅಂತ ಒಂದು ವೈರಸ್ ಇದೆ. ಹೆಸರು ಕೇಳಿದವರೇ ಕಮ್ಮಿ. ಹೊಟ್ಟೆಯಲ್ಲಿದ್ದಾಗ ಮಕ್ಕಳಿಗೆ ತಗಲುವ ವೈರಸ್‌ಗಳಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಕಾಣುವುದು ಇದು. ಹುಟ್ಟಿನಿಂದ ಬರುವ ಕಿವುಡುತನಕ್ಕೆ ದೊಡ್ಡ ಕಾರಣಗಳಲ್ಲಿ ಒಂದು. ನಮ್ಮ ದೇಶದಲ್ಲಿ ಬಹುತೇಕ ಹೆಣ್ಣುಮಕ್ಕಳಿಗೆ ಇದು ಮದುವೆಗೆ ಮೊದಲೇ ಬಂದು ಹೋಗಿರುತ್ತದೆ. ಆದರೂ ಅದು ಮೈಯಲ್ಲೇ ಮಲಗಿದ್ದು ಬಸಿರಿನಲ್ಲಿ ಮತ್ತೆ ಏಳಬಹುದು. ಹಾಗಾದಾಗ ಮಗುವಿಗೆ ದಾಟುವ ಸಾಧ್ಯತೆ ಕಮ್ಮಿ, ಆದರೆ ಇಲ್ಲ ಅನ್ನುವಂತಿಲ್ಲ. ಸಣ್ಣ ಮಕ್ಕಳ ಜೊಲ್ಲು, ಮೂತ್ರದಲ್ಲಿ ಇದು ಇರುತ್ತದೆ. ಮೊದಲ ಮಗುವಿನ ಎಂಜಲು ರೊಟ್ಟಿಯನ್ನು ಬಸುರಿ ತಾಯಿ ತಿನ್ನದಿರುವುದು, ಚಡ್ಡಿ ಬದಲಿಸಿದ ಮೇಲೆ ಸೋಪಿನಿಂದ ಕೈ ತೊಳೆಯುವುದು, ಮಾಡಬಹುದಾದದ್ದು ಇಷ್ಟು.

ಸಿಎಂವಿಯಲ್ಲಿ ನನ್ನನ್ನು ಕಾಡುವ ಸಂಗತಿ ಬೇರೆ. ಮಗು ಹುಟ್ಟಿದ ಮೊದಲ 21 ದಿನದೊಳಗೆ ಅದರ ಮೂತ್ರ ಅಥವಾ ಜೊಲ್ಲು ಪರೀಕ್ಷೆ ಮಾಡಿದರೆ ಮಾತ್ರ, ಇದು ಹೊಟ್ಟೆಯಲ್ಲಿದ್ದಾಗಲೇ ಬಂದದ್ದು ಅಂತ ಖಚಿತವಾಗಿ ಹೇಳಬಹುದು. ಆಮೇಲೆ ಮಾಡಿದರೆ ಹುಟ್ಟಿದ ಮೇಲೆ ಬಂದದ್ದೋ, ಮೊದಲೇ ಇತ್ತೋ ಗೊತ್ತಾಗುವುದಿಲ್ಲ. ನಮ್ಮ ಹುಡುಗನಿಗೆ ಆಗ 19 ತಿಂಗಳು. ಪಂಚಮಿಯ ಆ ಕೆಂಪು ದದ್ದು ರುಬೆಲ್ಲಾನಾ, ಕಿವುಡುತನಕ್ಕೆ ಸಿಎಂವಿ ಕಾರಣನಾ, ಅಥವಾ ವಂಶದಲ್ಲೇ ಬಂದದ್ದಾ? ಹೇಳುವ ಹೊತ್ತು ಕಳೆದುಹೋಗಿತ್ತು. ಆ ಖಾಲಿ ಜಾಗದಲ್ಲೇ ಗ್ರಹಣದ ಮಾತು ಬಂದು ಕೂತದ್ದು.

ಸೊಳ್ಳೆಯ ಕಡೆ ಬರೋಣ. ನಮ್ಮ ಊರುಗಳಲ್ಲಿ ಏಪ್ರಿಲ್, ಮೇ ಬಂತೆಂದರೆ 43, 44 ಡಿಗ್ರಿ. ಮನೆ ಮನೆಯಲ್ಲಿ ಕೂಲರ್. ನೀರು ದಿನಾ ಬರುವುದಿಲ್ಲ, ಹಾಗಾಗಿ ನೀರಿನ ತೊಟ್ಟಿ, ಡ್ರಮ್ಮು, ರಂಜಣಗಿ ತುಂಬಿಸಿ ಇಡುತ್ತೇವೆ. ಡೆಂಗಿ, ಚಿಕುನ್‌ಗುನ್ಯಾ, ಝೀಕಾ ಮೂರನ್ನೂ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದೂ ಇಂಥ ನಿಂತ, ಸ್ವಚ್ಛ ನೀರೇ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಈ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ಬಸುರಿ ಮಧ್ಯಾಹ್ನ ಕೂಲರ್ ಮುಂದೆ ಮಲಗುವ ಹೊತ್ತಿನಲ್ಲೂ ಸೊಳ್ಳೆಪರದೆ ಬೇಕು ಅನ್ನುವುದು ಇದಕ್ಕೆ. ವಾರಕ್ಕೊಮ್ಮೆ ಕೂಲರಿನ ನೀರು ಚೆಲ್ಲಿ, ಟ್ರೇ ಉಜ್ಜಿ, ಒಣಗಿಸಿ ಮತ್ತೆ ತುಂಬಿಸಬೇಕು. ಮೊಟ್ಟೆ ಟ್ರೇ ಅಂಚಿಗೆ ಅಂಟಿರುತ್ತದೆ, ಬರೀ ನೀರು ಚೆಲ್ಲಿದರೆ ಹೋಗುವುದಿಲ್ಲ.

ಚಿಕುನ್‌ಗುನ್ಯಾ 2006ರಲ್ಲಿ ನಮ್ಮ ರಾಜ್ಯದಲ್ಲಿ ಹೇಗೆ ಹಬ್ಬಿತ್ತು ಅಂತ ಹಿರಿಯರ ಕೀಲುಗಳಿಗೆ ಇನ್ನೂ ನೆನಪಿದೆ. ಬಸಿರಿನ ನಡುವೆ ಬಂದರೆ ಮಗುವಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಹೆರಿಗೆಯ ದಿನಗಳಲ್ಲಿ ತಾಯಿಯ ರಕ್ತದಲ್ಲಿ ವೈರಸ್ ಇದ್ದರೆ ಮಾತ್ರ ಕಷ್ಟ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ 2005-06ರಲ್ಲಿ ಅಂಥ ತಾಯಂದಿರ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಸೋಂಕು ತಗಲಿತು. ಸಿಸೇರಿಯನ್ ಮಾಡಿದರೂ ತಪ್ಪಲಿಲ್ಲ. ಇಂಥ ಮಗು ಹುಟ್ಟುವಾಗ ಚೆನ್ನಾಗೇ ಇರುತ್ತದೆ. ಮೂರನೇ ದಿನದಿಂದ ಏಳನೇ ದಿನದೊಳಗೆ ಜ್ವರ, ಹಾಲು ಕುಡಿಯದಿರುವುದು, ಮೈಮೇಲೆ ದದ್ದು, ಕೆಲವೊಮ್ಮೆ ಫಿಟ್ಸ್. ಮೂಗಿನ ಮೇಲೆ ಕಪ್ಪು ಬಣ್ಣ ಬರುವುದನ್ನು ಮಕ್ಕಳ ಡಾಕ್ಟ್ರುಗಳು ಇದರ ಗುರುತು ಅಂತಲೇ ನೋಡುತ್ತಾರೆ. ಅಷ್ಟರಲ್ಲಿ ಬಾಣಂತಿ ಮನೆಗೆ ಹೋಗಿರುತ್ತಾಳೆ. ಹೆರಿಗೆ ಮುಂಚಿನ ವಾರ ಜ್ವರ, ಕೀಲುನೋವು ಇದ್ದ ತಾಯಿಯ ಮಗುವನ್ನು ಒಂದು ವಾರ ಕಣ್ಣಿಟ್ಟು ನೋಡಿಕೊಳ್ಳಬೇಕು ಅನ್ನುವುದು ಇದಕ್ಕೇ. ಡೆಂಗಿಯಲ್ಲೂ ಹೆರಿಗೆಯ ಹೊತ್ತೇ ಸೂಕ್ಷ್ಮ. ತಾಯಿಗೆ ರಕ್ತಸ್ರಾವದ ಭಯ, ಮಗುವಿಗೆ ಪ್ಲೇಟ್‌ಲೆಟ್ ಇಳಿಯುವ ಭಯ. ಮೈಕೈ ನೋವಿಗೆ ಅಂಗಡಿಯಿಂದ ಸುಮ್ನೆ ನೋವಿನ ಗುಳಿಗೆ ತಂದು ನುಂಗಬೇಡಿ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಇಂಥವು ಬೇಡ. ಡಾಕ್ಟ್ರು ಹೇಳಿದ ಲೆಕ್ಕದಲ್ಲಿ ಪ್ಯಾರಾಸಿಟಮಾಲ್ ಸಾಕು.

ಝೀಕಾ ಬ್ರೆಜಿಲ್‌ನ ಕಾಯಿಲೆ ಅಂದುಕೊಂಡಿದ್ದೆವು. ಅಲ್ಲಿ 2015ರಲ್ಲಿ ಸಣ್ಣ ತಲೆಯ ಮಕ್ಕಳು ಹುಟ್ಟಿದ್ದನ್ನು ಟಿವಿಯಲ್ಲಿ ನೋಡಿದ್ದೆವು. ಕರ್ನಾಟಕದ ಮೊದಲ ಝೀಕಾ ಪ್ರಕರಣ 2022ರ ಡಿಸೆಂಬರ್‌ನಲ್ಲಿ ಕಂಡದ್ದು ಯಾದಗಿರಿಯ ಪಕ್ಕದ ರಾಯಚೂರು ಜಿಲ್ಲೆಯಲ್ಲಿ, ಐದು ವರ್ಷದ ಹುಡುಗಿಗೆ. ಇದೂ ರುಬೆಲ್ಲಾದ ಹಾಗೆ, ಮೊದಲ ಮೂರು ತಿಂಗಳಲ್ಲಿ ಬಂದರೆ ಅಪಾಯ ಜಾಸ್ತಿ.

ತಿಂಗಳ ಲೆಕ್ಕ ಬಿಟ್ಟು ಗಂಟೆಯ ಲೆಕ್ಕ ನೋಡಬೇಕಾದ ವೈರಸ್ ಒಂದಿದೆ, ಹೆಪಟೈಟಿಸ್ ಬಿ. ಇದು ಹೆಚ್ಚಾಗಿ ಹೆರಿಗೆಯ ಹೊತ್ತಿನಲ್ಲೇ ತಗಲುತ್ತದೆ. ದೊಡ್ಡವರಿಗೆ ಬಂದರೆ ಬಹುತೇಕ ವಾಸಿಯಾಗುತ್ತದೆ. ಹಸುಗೂಸಿಗೆ ತಗಲಿದರೆ 10ರಲ್ಲಿ 9 ಮಕ್ಕಳಲ್ಲಿ ಅದು ಜೀವನಪೂರ್ತಿ ಉಳಿದುಬಿಡುತ್ತದೆ. ಮುಂದೆ ಲಿವರ್ ಹಾಳಾಗುತ್ತದೆ, ಕ್ಯಾನ್ಸರ್ ಆಗಬಹುದು. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಲಸಿಕೆ ಬಿದ್ದರೆ ಬಹುಮಟ್ಟಿಗೆ ತಪ್ಪಿಸಬಹುದು. ತಾಯಿಗೆ ಸೋಂಕು ಇದೆ ಅಂತ ಮೊದಲೇ ಗೊತ್ತಿದ್ದರೆ ಆದಷ್ಟು ಬೇಗ, 12 ಗಂಟೆಯೊಳಗೆ, ಸಿದ್ಧ ಆ್ಯಂಟಿಬಾಡಿಯ ಇಂಜೆಕ್ಷನ್ನನ್ನೂ ಕೊಡುತ್ತಾರೆ. ತಾಯಿಯ ರಕ್ತದಲ್ಲಿ ವೈರಸ್ ಬಹಳ ಇದ್ದರೆ ಕೊನೆಯ ಮೂರು ತಿಂಗಳು ಗುಳಿಗೆ ಇದೆ. ಆಮೇಲೆ 6, 10, 14ನೇ ವಾರದ ಲಸಿಕೆ ತಪ್ಪಿಸಬಾರದು. ಎದೆಹಾಲು ಧಾರಾಳವಾಗಿ ಕೊಡಬಹುದು. ಕುಟುಂಬದವರು "ಇಷ್ಟು ಎಳೇ ಕೂಸಿಗೆ ಸೂಜಿ ಬ್ಯಾಡ, ಐದು ದಿನ ಹೋಗ್ಲಿ" ಅನ್ನುವುದನ್ನು ಕೇಳಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ತಡವಾದಷ್ಟೂ ಆ ಲಸಿಕೆಯಿಂದ ಆಗುವ ಕೆಲಸ ಕಮ್ಮಿಯಾಗುತ್ತದೆ.

ಎಚ್‌ಐವಿ ಬಗ್ಗೆ ಭಯ ಜಾಸ್ತಿ, ಆದರೆ ಇಲ್ಲಿ ಒಳ್ಳೆಯ ಸುದ್ದಿಯೂ ಇದೆ. ಚಿಕಿತ್ಸೆ ಇಲ್ಲದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ತಗಲಬಹುದು. ತಾಯಿ ಗುಳಿಗೆ ತಪ್ಪಿಸದೆ ತಗೊಂಡು, ಮಗುವಿಗೂ ಔಷಧಿ ಕೊಟ್ಟರೆ ಅದು 5ಕ್ಕಿಂತ ಕೆಳಗೆ ಬರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ.

ಮಳೆಗಾಲದ ಕಾಮಾಲೆ, ನಮ್ಮ ಕಡೆ ಕಾಮಣಿ ಅನ್ನುತ್ತಾರಲ್ಲ, ಅದನ್ನು ಮಾತ್ರ ಒತ್ತಿ ಹೇಳಬೇಕು. ಹೊಲಸು ನೀರಿನಿಂದ ಬರುವ ಹೆಪಟೈಟಿಸ್ ಇ ಬೇರೆಯವರಿಗೆ ಬಂದು ಹೋಗುವ ಕಾಯಿಲೆ. ಕೊನೆಯ ಮೂರು ತಿಂಗಳ ಬಸುರಿಗೆ ಬಂದರೆ ನಾಲ್ಕೈದು ಜನರಲ್ಲಿ ಒಬ್ಬರ ಜೀವ ಹೋಗಬಹುದು. ಮಗುವೂ ಹೊಟ್ಟೆಯಲ್ಲೇ ಹೋಗಬಹುದು. ಕಣ್ಣು ಹಳದಿಯಾದ ಬಸುರಿಯನ್ನು ನಾಟಿ ಔಷಧಿಗೆ ಅಂತ ಊರೂರು ಸುತ್ತಿಸಬೇಡಿ. 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನೀರು ಕುದಿಸಿ ಆರಿಸಿ ಕುಡಿಯುವುದು ಬಸುರಿ ಇರುವ ಮನೆಯಲ್ಲಿ ಮಳೆಗಾಲ ಪೂರ್ತಿ ನಡೆಯಬೇಕು.

ಇಷ್ಟೆಲ್ಲ ಓದಿ ಹೆದರಿ, ಜ್ವರ ಬಂತೆಂದು ಬಸಿರು ತೆಗೆಸಲು ಓಡುವವರೂ ಇದ್ದಾರೆ. ಅದು ಬೇಡ. ಯಾವ ಸೋಂಕು ಅಂತ ರಕ್ತಪರೀಕ್ಷೆಯಿಂದ ಗೊತ್ತಾಗಬಹುದು. ಅದು ಜ್ವರ ಬಂದ ಕೆಲವೇ ವಾರದೊಳಗೆ ಆದರೆ ಸ್ಪಷ್ಟವಾಗಿ ಹೇಳುತ್ತದೆ. ಐದನೇ ತಿಂಗಳ ಹೊತ್ತಿಗೆ ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್ ಇದೆ. ಅದಾದ ಮೇಲೆ ಡಾಕ್ಟ್ರ ಜೊತೆ ಕೂತು ಮಾತಾಡಿ.

ಬಸುರಿಯರಿಗೆ ನನ್ನ ಬೇಡಿಕೆ ಸಣ್ಣದು. ಜ್ವರವೋ ದದ್ದೋ ಬಂದರೆ ಆಶಾ ಅಕ್ಕನಿಗೆ ಹೇಳಿ, ತಾಯಿ ಕಾರ್ಡಿನಲ್ಲಿ ತಾರೀಕು ಹಾಕಿ ಬರೆಸಿ. ಕಾರ್ಡು ಕೈಗೆ ಸಿಗದಿದ್ದರೆ ದದ್ದಿನ ಫೋಟೋ ಮೊಬೈಲಿನಲ್ಲಿ ತೆಗೆಯಿರಿ. ತಾರೀಕು ಅದರಲ್ಲೇ ಉಳಿಯುತ್ತದೆ, ಮೂರು ದಿನಕ್ಕೆ ದದ್ದು ಮಾಯವಾದರೂ ಡಾಕ್ಟ್ರಿಗೆ ತೋರಿಸಬಹುದು. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ಡಾಕ್ಟ್ರೇ ಉಚಿತವಾಗಿ ನೋಡುತ್ತಾರೆ, ಆವತ್ತು ತೋರಿಸಿ. ಯಾದಗಿರಿ, ಸುರಪುರ, ಚಿಂಚೋಳಿ ಕಡೆಯಿಂದ ಬೆಂಗಳೂರು, ಮುಂಬೈಗೆ ಕಟ್ಟಡದ ಕೆಲಸಕ್ಕೆ ಹೋಗುವವರು ಗಂಟು ಕಟ್ಟುವಾಗ ಕಾರ್ಡನ್ನೂ ಜೊತೆಗೆ ಇಟ್ಟುಕೊಳ್ಳಿ. ಅಲ್ಲಿ ಹೆರಿಗೆ ಮಾಡಿಸುವವರಿಗೆ ನಿಮ್ಮ ಒಂಬತ್ತು ತಿಂಗಳ ಕಥೆ ಹೇಳುವುದು ಅದೊಂದೇ.

ಕಿವಿಯ ವಿಷಯಕ್ಕೂ ಒಂದು ಲೆಕ್ಕ ಇದೆ. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ದೋಷ ಇದೆಯಾ ಅಂತ ಖಚಿತ, ಆರು ತಿಂಗಳೊಳಗೆ ಕಿವಿಗೆ ಯಂತ್ರ. ಮಾತು ಕಲಿಯುವ ಮೆದುಳು ಅಷ್ಟರೊಳಗೆ ಶಬ್ದ ಕೇಳಲು ಶುರು ಮಾಡಿದರೆ ಬಹಳ ಒಳ್ಳೆಯದು. ನಮ್ಮ ಹುಡುಗ ಹುಟ್ಟಿದ್ದು 2020ರ ಮಾರ್ಚ್‌ನಲ್ಲಿ. ದೇಶದ ಮೊದಲ ಕೊರೊನಾ ಸಾವು ಕಲಬುರಗಿಯಲ್ಲಿ ಆದ ತಿಂಗಳು ಅದು. ಪೇಟೆಯೆಲ್ಲ ಮುಚ್ಚಿತ್ತು. ಜೇವರ್ಗಿ ತಾಲೂಕಿನ ಹಳ್ಳಿಯಿಂದ ಕಿವಿ ಪರೀಕ್ಷೆಗೆ ಯಾರು ಕರೆದುಕೊಂಡು ಬರಬೇಕು? ಪರೀಕ್ಷೆ ಅಂತ ಒಂದು ಇದೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಯಂತ್ರ ಬಿದ್ದದ್ದು ಎರಡು ವರ್ಷ ತುಂಬುವ ಹೊತ್ತಿಗೆ. ಈಗ ಮಾತಾಡುತ್ತಾನೆ, ತೊದಲುತ್ತಾನೆ, ನನ್ನನ್ನು "ಮಾಮಾ" ಅಂತ ಕೂಗುತ್ತಾನೆ. ಮಾತು ಕಲಿಸುವವರ ಹತ್ತಿರ ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಬರುತ್ತಾರೆ ತಾಯಿ ಮಗ.

ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಎಲ್ಲೇ ಹೆರಿಗೆ ಆಗಲಿ, ಖಾಸಗಿ ಆಸ್ಪತ್ರೆಯೇ ಆಗಲಿ, ಡಿಸ್ಚಾರ್ಜ್ ಮುಂಚೆ "ಮಗುವಿನ ಕಿವಿ ಪರೀಕ್ಷೆ ಆಯ್ತಾ?" ಅಂತ ಬಾಯಿಬಿಟ್ಟು ಕೇಳಿ. ಅಲ್ಲಿ ಆಗದಿದ್ದರೆ ಎಲ್ಲಿ ಮಾಡಿಸಬೇಕು ಅಂತ ಕೇಳಿ. ಮಲಗಿರುವ ಕೂಸಿನ ಕಿವಿಗೆ ಪುಟ್ಟ ಬಿರಡೆಯಂಥದ್ದು ಇಟ್ಟು ಕೆಲವು ನಿಮಿಷದಲ್ಲಿ ಮುಗಿಸುತ್ತಾರೆ. ನೋವಿಲ್ಲ, ಸೂಜಿಯಿಲ್ಲ.

ತಂಗಿ ಎರಡನೇ ಹೆರಿಗೆಯಲ್ಲಿ ಮೂರನೇ ದಿನಕ್ಕೇ ಕೇಳಿದಳು. ಎರಡೂ ಕಿವಿ ಪಾಸ್ ಅಂತ ಬರೆದ ಚೀಟಿಯನ್ನು ತಾಯಿ ಕಾರ್ಡಿಗೆ ಪಿನ್ ಮಾಡಿ ಇಟ್ಟಿದ್ದಾಳೆ. ಅದೇ ಕಾರ್ಡಿನ ಒಳಪುಟದಲ್ಲಿ ಆಶಾ ಅಕ್ಕನ ಅಕ್ಷರದಲ್ಲಿ ಒಂದು ಸಾಲಿದೆ: "14ನೇ ವಾರ. ಜ್ವರ 2 ದಿನ. ದದ್ದು ಇಲ್ಲ."